ಅಪ್‌ಡೇಟ್: ಅಕ್ಕನ ಮಗನಿಗೆ ಜಾಮೀನು ಸಿಕ್ಕಿತು

ಹದಿನೈದು ದಿನದ ಹಿಂದೆ ಕೇಳಿದ್ದೆ. ಹದಿನಾರು ವರ್ಷದ ಅಕ್ಕನ ಮಗ ಗೆಳೆಯರ ಜೊತೆ ಬೈಕ್ ಕದ್ದ ಕೇಸಲ್ಲಿ ಸಿಕ್ಕಿಬಿದ್ದಿದ್ದ, ಮುಂದೇನು ಅಂತ.

ಮೊನ್ನೆ ಮನೆಗೆ ಬಂದ. "ಮೊದಲು ಶಾಲೆಯ ದಾಖಲೆ ಹಿಡ್ಕೊಂಡು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ" ಅಂದವರಿಗೆ ಕೈಮುಗಿಯುತ್ತೇನೆ. ವಕೀಲರು ಉಚಿತವಾಗಿ ಸಿಕ್ಕರು. ಹುಡುಗನ ವಯಸ್ಸು ತೋರಿಸೋಕೆ ಆಧಾರ್ ಸಾಕು ಅಂದವರ ಮಾತು ನಡೆಯಲಿಲ್ಲ. ವಯಸ್ಸಿಗೆ ಶಾಲೆಯ ಅಥವಾ ಎಸ್ಸೆಸ್ಸೆಲ್ಸಿ ದಾಖಲೆ, ಅದಿಲ್ಲದಿದ್ದರೆ ಜನನ ಪ್ರಮಾಣಪತ್ರ ನೋಡುತ್ತಾರೆ.

ಮಕ್ಕಳ ಕೇಸ್ ನೋಡುವ ಬಾಲನ್ಯಾಯ ಮಂಡಳಿ ಅಂದರೆ ಕಟಕಟೆ ಇರುತ್ತೆ ಅಂದುಕೊಂಡಿದ್ದೆ. ಇರಲಿಲ್ಲ. ಒಂದು ಮೇಜು, ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು. ಅವರಲ್ಲಿ ಒಬ್ಬ ಮೇಡಂ ಕೇಳಿದ ಮೊದಲ ಮಾತು, "ತಿಂಡಿ ತಿಂದ್ಯಾ ಮಗಾ?" ಅಲ್ಲಿಯವರೆಗೆ ಅಂಗಿಯ ತುದಿ ಹಿಂಡುತ್ತಾ ನಿಂತಿದ್ದ ಹುಡುಗ ಅತ್ತುಬಿಟ್ಟ. ನನಗೂ ತಡೆಯಲಾಗಲಿಲ್ಲ.

ಅಕ್ಕ, ಭಾವ ಮುಚ್ಚಳಿಕೆ ಬರೆದುಕೊಟ್ಟರು. 2015ರ ಬಾಲನ್ಯಾಯ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಕ್ಕಳಿಗೆ ಜಾಮೀನು ಕೊಡುವುದೇ ನಿಯಮ. ಹೊರಗೆ ಬಿಟ್ಟರೆ ಕೆಟ್ಟವರ ಸಹವಾಸಕ್ಕೆ ಬೀಳುತ್ತಾನೆ ಅನ್ನುವಂಥ ಕಾರಣ ಇದ್ದರೆ ಮಾತ್ರ ತಡೆಯುತ್ತಾರೆ. ಪ್ರೊಬೇಷನ್ ಆಫೀಸರ್ ಮನೆಗೂ ಬಂದಿದ್ದರು. ಅವನ ಓದು, ಭಾವನ ಕುಡಿತ, ಎಲ್ಲಾ ಕೇಳಿ ಬರೆದುಕೊಂಡರು.

ಗೊತ್ತಿಲ್ಲದ ವಿಷಯ ಒಂದಿತ್ತು: ಕೇಸ್ ಮುಗಿದ ಮೇಲೆ ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಇದನ್ನು ಹೊರಗೆ ಹೇಳುವಂತಿಲ್ಲ. ಅಕ್ಕನಿಗೆ ಇದೇ ಜಾಸ್ತಿ ಚಿಂತೆಯಾಗಿತ್ತು.

ವಿಚಾರಣೆ ಇನ್ನೂ ಇದೆ. ಸದ್ಯಕ್ಕೆ ವಾರಕ್ಕೊಮ್ಮೆ ಕೌನ್ಸೆಲಿಂಗ್. ಸೋಮವಾರದಿಂದ ಕಾಲೇಜಿಗೆ ಹೋಗುತ್ತಿದ್ದಾನೆ.