ಸಹಾಯ ಬೇಕು: ನಮ್ಮ ವಯಸ್ಸಿಗೆ ಹೊಂದುವ ಚಿಕ್ಕ ಕ್ಯಾರವಾನ್ (ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಗಾಡಿ) ಯಾವುದು?

ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿನ ಡರ್ಬಿಯಲ್ಲಿದ್ದೇವೆ. ನನಗೆ 71, ನಮ್ಮ ಯಜಮಾನರಿಗೆ 76. ಹಳೇ ಕ್ಯಾರವಾನಿನ ಗೋಡೆಗೆ ನೀರಿಳಿದು ಹಲಗೆ ಮೆತ್ತಗಾಗಿದೆ, ಬೆರಳಿಟ್ಟರೆ ಒಳಗೆ ಹೋಗುತ್ತದೆ. ಬೇರೆಯದು ಕೊಳ್ಳಲೇಬೇಕು. ಮನೆ ಮುಂದೆ ಇರುವುದು 6 ಮೀಟರ್ ಜಾಗ, ಕೊಂಡಿಯೂ ಸೇರಿ ಅಷ್ಟರಲ್ಲೇ ನಿಲ್ಲಬೇಕು.

ನಮಗೆ ಜಾಸ್ತಿ ಕಷ್ಟ ಹಾಸಿಗೆಯದು. ರಾತ್ರಿ ಎದ್ದಾಗಲೆಲ್ಲ ಇವರು ನನ್ನ ಕಾಲು ದಾಟಿ ಇಳಿಯಬೇಕು, ಮಂಡಿ ಹಿಡಿದುಕೊಳ್ಳುತ್ತದೆ. ಎರಡು ಸಿಂಗಲ್ ಹಾಸಿಗೆ ಇರುವುದೇ ವಾಸಿ ಅಲ್ವಾ? ಎರಿಬಾ ಟೂರಿಂಗ್ ಅನ್ನೋ ಕ್ಯಾರವಾನ್ ಇಷ್ಟವಾಯಿತು. ಅಗಲ ಕಮ್ಮಿ, ಆದರೆ ಅದರ ಛಾವಣಿಯನ್ನು ಕೈಯಲ್ಲಿ ಎತ್ತಬೇಕು. ನೋವಿರುವ ಭುಜಕ್ಕೆ ಆಗುತ್ತದಾ? ಬಳಸಿದವರು ದಯವಿಟ್ಟು ಹೇಳಿ.

ಕಾರಿನ ತೂಕ 1,500 ಕೆಜಿ. ಸಾಮಾನು ತುಂಬಿದ ಕ್ಯಾರವಾನ್ ಕಾರಿನ ತೂಕದ 85% ಮೀರದಿರಲಿ ಅನ್ನುವ ಲೆಕ್ಕದಲ್ಲಿ 1,275 ಕೆಜಿ ದಾಟಬಾರದು. ಮೋಟಾರ್ ಮೂವರ್ (ಕಾರಿಲ್ಲದೆ ಕ್ಯಾರವಾನನ್ನು ಸರಿಸುವ ಮೋಟಾರು) ಬೇಕೇ ಬೇಕು, ಅದರ ತೂಕವೂ ಇದರಲ್ಲೇ ಸೇರಬೇಕು.