ಹೊಸ ಕ್ಯಾಬಿನೆಟ್‌ಗೆ ಬದಲಾಯಿಸಿದೆ, ಸಿಪಿಯು ಪವರ್ ಕೇಬಲ್ ಮುಟ್ಟುತ್ತಿಲ್ಲ. ಏನು ಮಾಡಲಿ?

ಅರ್ಧಬಿಚ್ಚಿದ್ದು:

ಎಲ್ಲರಿಗೂ ನಮಸ್ಕಾರ. ಹಳೇ ಕ್ಯಾಬಿನೆಟ್‌ನಿಂದ ಹೊಸದಕ್ಕೆ ಎಲ್ಲಾ ಬದಲಾಯಿಸೋಣ ಅಂತ ನಿನ್ನೆ ಸಂಜೆ ಕೂತೆ. ರಾತ್ರಿ ಹನ್ನೊಂದಾದರೂ ಮುಗಿಯಲಿಲ್ಲ. ಈಗ ಕಂಪ್ಯೂಟರ್ ಮೇಜಿನ ಮೇಲೆ ಅಡ್ಡ ಮಲಗಿದೆ, ಸ್ಕ್ರೂಗಳೆಲ್ಲ ಒಂದು ಬಟ್ಟಲಲ್ಲಿವೆ.

ಹಳೆಯದರಲ್ಲಿ ಎಸ್‌ಎಂಪಿಎಸ್ (ಎಲ್ಲಕ್ಕೂ ಪವರ್ ಕೊಡುವ ಡಬ್ಬಿ) ಮೇಲ್ಗಡೆ ಇತ್ತು. ಸಿಪಿಯು, ಅಂದರೆ ಪ್ರೊಸೆಸರ್‌ನ ಪವರ್ ಕನೆಕ್ಟರ್ ಇರುವುದು ಮದರ್‌ಬೋರ್ಡಿನ ಎಡಗಡೆ ಮೇಲಿನ ಮೂಲೆಯಲ್ಲಿ. ಎರಡಕ್ಕೂ ಗೇಣು ದೂರ ಅಷ್ಟೇ. ಹೊಸದರಲ್ಲಿ ಎಸ್‌ಎಂಪಿಎಸ್ ತಳದಲ್ಲಿ ಕೂರುತ್ತದೆ, ಅದರ ಮೇಲೆ ತಗಡಿನ ಮುಚ್ಚಿಗೆ ಬೇರೆ. ಕೇಬಲ್ ಅಲ್ಲಿಂದ ಹೊರಟು, ಬೋರ್ಡಿನ ಬೆನ್ನ ಹಿಂದೆ ಹಾದು, ಮೇಲಿನ ಮೂಲೆಯ ತೂತಿನಿಂದ ಮುಂದಕ್ಕೆ ಬರಬೇಕು. ನನ್ನ 8 ಪಿನ್ ಕೇಬಲ್ ತೂತಿನ ಬಾಯಿಯ ತನಕ ಬಂದು ನಿಂತುಬಿಡುತ್ತದೆ. ಕೇಬಲ್ ಉದ್ದ 50 ಸೆಂ.ಮೀ. ಸ್ಕೇಲ್ ಇಟ್ಟು ನೋಡಿದೆ, ಕನೆಕ್ಟರ್‌ಗೆ ಇನ್ನೂ 6 ಸೆಂ.ಮೀ. ಬೇಕು.

ಬೋರ್ಡಿನ ಮುಂದಿನಿಂದ ಎಳೆದರೆ ಮುಟ್ಟುತ್ತದೆ. ಆದರೆ ಗ್ರಾಫಿಕ್ಸ್ ಕಾರ್ಡಿನ ಮೇಲೆ ಹಾದು, ಸಿಪಿಯು ಫ್ಯಾನಿನ ಪಕ್ಕ ಎರಡು ಬೆರಳು ಜಾಗ ಬಿಟ್ಟು, ಬಟ್ಟೆ ಒಣಹಾಕುವ ಹಗ್ಗದ ಹಾಗೆ ಬಿಗಿಯಾಗಿ ನಿಲ್ಲುತ್ತದೆ. ಕನೆಕ್ಟರ್ ಓರೆಯಾಗಿ ಎಳೆದುಕೊಂಡಿದೆ. ಹಾಗೇ ಬಿಡಲು ಮನಸ್ಸು ಒಪ್ಪುತ್ತಿಲ್ಲ.

ಎಕ್ಸ್‌ಟೆನ್ಷನ್ ಕೇಬಲ್ ಹಾಕಬಹುದಾ? ಅದರಿಂದ ತೊಂದರೆ ಇಲ್ವಾ? ನನ್ನದು ಮಾಡ್ಯುಲರ್ ಎಸ್‌ಎಂಪಿಎಸ್, ಕೇಬಲ್‌ಗಳನ್ನು ಅದರಿಂದ ಬಿಚ್ಚಿ ತೆಗೆಯಬಹುದು. ಸ್ನೇಹಿತನ ಹತ್ತಿರ ಬೇರೆ ಎಸ್‌ಎಂಪಿಎಸ್‌ನ ಉದ್ದನೆ ಕೇಬಲ್ ಸುಮ್ನೆ ಬಿದ್ದಿದೆ. ಪ್ಲಗ್ ನನ್ನದಕ್ಕೂ ಕೂರುತ್ತದೆ, ಕೂರಿಸಿ ನೋಡಿದೆ. ಪವರ್ ಮಾತ್ರ ಕೊಟ್ಟಿಲ್ಲ.

ಹನ್ನೆರಡುವೋಲ್ಟ್:

ದಯವಿಟ್ಟು ಪವರ್ ಕೊಡಬೇಡಿ. ಆ ಕೇಬಲ್ ಈಗಲೇ ತೆಗೆದು ಸ್ನೇಹಿತರಿಗೆ ವಾಪಸ್ ಕೊಡಿ.

ಮದರ್‌ಬೋರ್ಡ್ ಕಡೆಯ ತುದಿಯಲ್ಲಿ ಯಾವ ಪಿನ್ನಿಗೆ ಏನು ಅನ್ನುವುದು ಎಲ್ಲಾ ಕಂಪನಿಗೂ ಒಂದೇ. ಎಸ್‌ಎಂಪಿಎಸ್ ಕಡೆಯ ತುದಿಗೆ ಅಂಥ ನಿಯಮ ಇಲ್ಲ. ಒಂದೊಂದು ಕಂಪನಿ ಒಂದೊಂದು ಥರ ಜೋಡಿಸುತ್ತದೆ. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ಬೇರೆ ಇರಬಹುದು. ಪ್ಲಗ್ ಸರಿಯಾಗಿ ಕೂರುತ್ತದೆ, ಆದರೆ ಗ್ರೌಂಡ್ (ಕರೆಂಟ್ ವಾಪಸ್ ಹೋಗುವ ದಾರಿ) ಬರಬೇಕಾದ ಪಿನ್ನಿಗೆ 12 ವೋಲ್ಟ್ ಬರಬಹುದು. ಹಾಗಾದರೆ ಬೋರ್ಡೇ ಹೋಗಬಹುದು.

ಎಕ್ಸ್‌ಟೆನ್ಷನ್‌ಗೆ ಈ ಭಯ ಇಲ್ಲ. ಅದು ನಿಮ್ಮದೇ ಕೇಬಲಿನ ಬೋರ್ಡ್ ಕಡೆಯ ತುದಿಗೆ ಸೇರುತ್ತದೆ, ಎರಡೂ ಕಡೆ ಒಂದೇ ಜೋಡಣೆ. ಬಿಸಿಯಾಗುತ್ತದಾ ಅಂತ ಯೋಚನೆ ಇದ್ದರೆ ಲೆಕ್ಕ ನೋಡಿ. ಪ್ರೊಸೆಸರ್ 100 ವ್ಯಾಟ್ ಎಳೆದರೂ 12 ವೋಲ್ಟಿನಲ್ಲಿ ಅದು ಸುಮಾರು 8 ಆಂಪಿಯರ್. ಕರೆಂಟ್ ಹೊರುವ ತಂತಿ ನಾಲ್ಕು. ಅಂದರೆ ತಂತಿಗೆ 2 ಆಂಪಿಯರ್ ಚಿಲ್ಲರೆ. 18 ಗೇಜ್ (ತಂತಿ ದಪ್ಪದ ಅಳತೆ, ಸಂಖ್ಯೆ ಕಮ್ಮಿ ಆದಷ್ಟೂ ದಪ್ಪ) ತಂತಿ ಇದ್ದರೆ ಆರಾಮಾಗಿ ಹೊರುತ್ತದೆ. 16 ಇನ್ನೂ ದಪ್ಪ, ಸಿಕ್ಕರೆ ಒಳ್ಳೆಯದೇ.

ತರುವಾಗ ತುದಿ ನೋಡಿ ತನ್ನಿ. ಸಿಪಿಯು ಕೇಬಲ್ ಬಿಡಿಸಿದರೆ ನಾಲ್ಕು ನಾಲ್ಕಾಗಿ ಬಿಡುತ್ತದೆ. ಗ್ರಾಫಿಕ್ಸ್ ಕಾರ್ಡಿನದು ಆರು ಮತ್ತು ಎರಡು. ನೋಡಲು ಅಣ್ಣತಮ್ಮಂದಿರ ಹಾಗಿದ್ದರೂ ಅವುಗಳಲ್ಲಿ 12 ವೋಲ್ಟ್ ಮತ್ತು ಗ್ರೌಂಡ್ ಅದಲು ಬದಲು. ಪಿನ್ನಿನ ಆಕಾರ ಬೇರೆ ಇರುವುದರಿಂದ ಸಾಮಾನ್ಯವಾಗಿ ಕೂರುವುದಿಲ್ಲ. ಕೂರದಿದ್ದನ್ನು ಒತ್ತಿ ಕೂರಿಸಲು ಹೋಗಬೇಡಿ.

ದಾರಹಿಡಿದವ:

ಮೇಲಿನವರು ಹೇಳಿದ್ದು ಸರಿ. ನಾನು ಹೇಳಬೇಕಾದ್ದು ಉದ್ದದ ಬಗ್ಗೆ. ನೀವು 6 ಸೆಂ.ಮೀ. ಅಂತ ಅಳೆದಿದ್ದೀರಿ, ಆದರೆ ಅದು ಕೇಬಲ್ ಬಿಗಿಯಾಗಿ ಎಳೆದಾಗಿನ ಅಳತೆ ಅಲ್ವಾ? ನಿಜವಾದ ದಾರಿ ಅಳೆಯಿರಿ.

ಒಂದು ದಪ್ಪ ದಾರ ತಗೊಳ್ಳಿ. ಎಸ್‌ಎಂಪಿಎಸ್ ಸಾಕೆಟ್ ಹತ್ತಿರ ಒಂದು ತುದಿಗೆ ಟೇಪ್ ಹಚ್ಚಿ. ಮುಚ್ಚಿಗೆಯಿಂದ ಹೊರಬರುವ ಕಡೆ, ಬೋರ್ಡಿನ ಬೆನ್ನ ಹಿಂದೆ ಕೇಬಲ್ ಕಟ್ಟುವ ಕೊಕ್ಕೆಗಳ ಪಕ್ಕ, ಮೇಲಿನ ತೂತಿನ ತಿರುವು, ಎಲ್ಲ ಕಡೆಯೂ ದಾರ ಸಡಿಲವಾಗಿ ಹೋಗಲಿ. ಕನೆಕ್ಟರ್ ಹತ್ತಿರ ಗಂಟು ಹಾಕಿ. ಆಮೇಲೆ ತೆಗೆದು ಸ್ಕೇಲ್ ಮೇಲೆ ಇಡಿ. ಓರೆಯಾಗಿ ಹೋಗುವ ಕೇಬಲ್ ನೇರವಾಗಿ ಮೇಲೇರಿ ತಿರುಗಿದರೆ ಎಷ್ಟು ಜಾಸ್ತಿ ಬೇಕಾಗುತ್ತದೆ ಅಂತ ಆಗ ಕಾಣುತ್ತದೆ. ನಾನು ಯಾವ ಕ್ಯಾಬಿನೆಟ್ ತಂದರೂ ಮೊದಲು ಮಾಡುವ ಕೆಲಸ ಇದೇ.

ಇನ್ನೊಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಎಕ್ಸ್‌ಟೆನ್ಷನ್ ಹಾಕಿದರೆ ನಡುವೆ ಒಂದು ಜೋಡು ಬರುತ್ತದೆ. ಎರಡು ಪ್ಲಗ್ ಸೇರಿ ಉದ್ದನೆಯ ಗಟ್ಟಿ ತುಂಡಾಗುತ್ತದೆ, ಬಗ್ಗುವುದಿಲ್ಲ. ಬೋರ್ಡಿನ ಹಿಂದೆ ಇರುವ ಜಾಗ ಹೆಚ್ಚಿನ ಕ್ಯಾಬಿನೆಟ್‌ಗಳಲ್ಲಿ 2 ಸೆಂ.ಮೀ. ಆಸುಪಾಸು. ಆ ಜೋಡು ಮದರ್‌ಬೋರ್ಡಿಗೆ ಪವರ್ ಕೊಡುವ ದಪ್ಪನೆಯ 24 ಪಿನ್ ಕೇಬಲಿನ ಮೇಲೆ ಬಂದರೆ ಪಕ್ಕದ ಬಾಗಿಲು ಉಬ್ಬುತ್ತದೆ. ಒತ್ತಿ ಮುಚ್ಚಿದರೆ ಆ ಒತ್ತಡವೆಲ್ಲ ಜೋಡಿನ ಮೇಲೆ. ಹಾಗಾಗಿ ಬೇರೆ ಕೇಬಲ್ ಇಲ್ಲದ ಕಡೆ ಅದನ್ನು ನಿಲ್ಲಿಸಿ.

ಮೇಲ್ಗಡೆ ಫ್ಯಾನ್ ಇದ್ದರೆ ಅದನ್ನು ಬಿಚ್ಚಿ, ಬೋರ್ಡ್ ಕೂರಿಸುವ ಮೊದಲೇ ಈ ಕೇಬಲ್ ತೂತಿನಿಂದ ಹಾಯಿಸಿ ಇಟ್ಟುಕೊಳ್ಳಿ. ಬೋರ್ಡ್ ಕೂತ ಮೇಲೆ ಆ ಸಂದಿಯಲ್ಲಿ ಬೆರಳು ಹೋಗುವುದಿಲ್ಲ. ಟೈ ಹಾಕುವುದು ಕಟ್ಟಕಡೆಗೆ. ಕಂಪ್ಯೂಟರ್ ಆನ್ ಆಗಿದೆ, ಎಲ್ಲಾ ಫ್ಯಾನ್ ತಿರುಗುತ್ತಿವೆ ಅಂತ ನೋಡಿದ ಮೇಲೆ ಕಟ್ಟಿ.

ಗಾಳಿಬೆಳಕು:

ನನ್ನ ಅಭಿಪ್ರಾಯ ಬೇರೆ. ಎಸ್‌ಎಂಪಿಎಸ್‌ಗೆ ಎಷ್ಟು ವರ್ಷ ಆಯಿತು? ವಾರಂಟಿ ಮುಗಿದು ವರ್ಷಗಳಾಗಿದ್ದರೆ ಜೋಡು ಹಾಕುವ ಬದಲು ಹೊಸದೇ ತಗೊಳ್ಳಿ. ಈಗಿನವುಗಳಲ್ಲಿ ಸಿಪಿಯು ಕೇಬಲ್ 65, 70 ಸೆಂ.ಮೀ. ಇರುವುದು ಸುಲಭವಾಗಿ ಸಿಗುತ್ತದೆ.

ಅರ್ಧಬಿಚ್ಚಿದ್ದು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೇಬಲ್ ಅವತ್ತೇ ಸ್ನೇಹಿತನಿಗೆ ಕೊಟ್ಟೆ. ಅವನಿಗೂ ಪಿನ್ನಿನ ವಿಷಯ ಹೇಳಿದೆ, ಅವನಿಗೂ ಗೊತ್ತಿರಲಿಲ್ಲ.

ದಾರದಿಂದ ಅಳೆದೆ. 64 ಸೆಂ.ಮೀ. ಬಂತು. ಅಂದರೆ ನನಗೆ ಕಮ್ಮಿ ಇದ್ದದ್ದು 6 ಅಲ್ಲ, 14. ಅಳೆಯದಿದ್ದರೆ 10 ಸೆಂ.ಮೀ. ಸಾಕು ಅಂತ ಹುಡುಕುತ್ತಿದ್ದೆ. 18 ಗೇಜಿನ 30 ಸೆಂ.ಮೀ. ಎಕ್ಸ್‌ಟೆನ್ಷನ್ ತಂದೆ. ಎಸ್‌ಎಂಪಿಎಸ್‌ಗೆ ಮೂರು ವರ್ಷ ಆಗಿದೆ, ವಾರಂಟಿ ಇನ್ನೂ ಎರಡು ವರ್ಷ ಇದೆ, ಅದಕ್ಕೇ ಬದಲಾಯಿಸಲಿಲ್ಲ.

ಬೋರ್ಡ್ ಮತ್ತೆ ಬಿಚ್ಚಿದ್ದು ಒಳ್ಳೆಯದೇ ಆಯಿತು. ನನ್ನದು ಮೈಕ್ರೋ ಎಟಿಎಕ್ಸ್, ಅಂದರೆ ಮಾಮೂಲಿಗಿಂತ ಚಿಕ್ಕ ಸೈಜಿನ ಬೋರ್ಡ್. ಬೋರ್ಡ್ ಕೂರಿಸಲು ಕ್ಯಾಬಿನೆಟ್‌ನಲ್ಲಿ ಮೊದಲೇ ಹಾಕಿದ್ದ ಹಿತ್ತಾಳೆ ಕಂಬಗಳಲ್ಲಿ ಒಂದು, ಬೋರ್ಡಿನಲ್ಲಿ ತೂತೇ ಇಲ್ಲದ ಕಡೆ ಕೆಳಗಿನಿಂದ ಬೋರ್ಡಿಗೆ ತಾಗುತ್ತಿತ್ತು. ಅಲ್ಲಿ ಬೆಸುಗೆಯ ಸಾಲು ಇದೆ. ಶಾರ್ಟ್ ಆಗುತ್ತಿತ್ತೇನೋ. ಆ ಕಂಬ ಬಿಚ್ಚಿ ತೆಗೆದೆ. ಬೇರೆ ಸೈಜಿನ ಬೋರ್ಡ್ ಹಾಕುವವರು ಇದನ್ನು ಖಂಡಿತ ನೋಡಿಕೊಳ್ಳಿ.

ಜೋಡು ಮೊದಲು ಸರಿಯಾಗಿ 24 ಪಿನ್ ಕೇಬಲಿನ ಮೇಲೇ ಬಂತು, ಬಾಗಿಲು ಮುಚ್ಚಲಿಲ್ಲ. 16 ಸೆಂ.ಮೀ. ಉಳಿದಿತ್ತಲ್ಲ, ಹಳೇ ಕೇಬಲನ್ನು ಮುಚ್ಚಿಗೆಯೊಳಗೆ ಒಂದು ಸುತ್ತು ಮಡಚಿದೆ. ಜೋಡು ಕೆಳಗಿಳಿದು ಹಾರ್ಡ್ ಡಿಸ್ಕ್ ಗೂಡಿನ ಪಕ್ಕ ಕೂತಿತು. ಈಗ ಬಾಗಿಲು ಒಂದೇ ಕೈಯಲ್ಲಿ ಜಾರುತ್ತದೆ. ಕ್ಯಾಬಿನೆಟ್ ಮುಂಭಾಗದ ಯುಎಸ್‌ಬಿ 3 ಕೇಬಲ್ ಮಾತ್ರ ತುಂಬಾ ಸೆಡವು. ಪಿನ್ ಬಗ್ಗುತ್ತವೆ ಅನ್ನೋ ಹೆದರಿಕೆಯಲ್ಲಿ ಟಾರ್ಚ್ ಹಿಡಿದು, ನೇರವಾಗಿ ನಿಧಾನಕ್ಕೆ ಒತ್ತಿದೆ.

ಮೊದಲ ಸಲಕ್ಕೇ ಆನ್ ಆಯಿತು. ಬೆಳಿಗ್ಗೆಯಿಂದ ಓಡುತ್ತಿದೆ.

ಒಂದೇ ಬಾಕಿ. ಹಾರ್ಡ್ ಡಿಸ್ಕಿನ ಸಾಟಾ ಡೇಟಾ ಕೇಬಲ್ 45 ಸೆಂ.ಮೀ. ಇದೆ, ಹೊಸ ಗೂಡಿಗೆ ಬಿಗಿ. ಉದ್ದನೆಯದು ಹಾಕಿದರೆ ವೇಗ ಕಮ್ಮಿ ಆಗುತ್ತದಾ?

ದಾರಹಿಡಿದವ:

ಆಗುವುದಿಲ್ಲ. ಸಾಟಾ ಕೇಬಲ್ 1 ಮೀಟರ್ ತನಕ ಇರಬಹುದು ಅಂತ ನಿಯಮದಲ್ಲೇ ಇದೆ. ಮೊದಲು ದಾರ ಹಿಡಿದು ಅಳೆಯಿರಿ, ಆಮೇಲೆ ತನ್ನಿ. ತುದಿಯಲ್ಲಿ ಲೋಹದ ಕ್ಲಿಪ್ ಇರುವುದನ್ನೇ ಆರಿಸಿ, ಗೂಡು ಅಲುಗಿದರೂ ಕಳಚುವುದಿಲ್ಲ.