ಹೈ-ಹ್ಯಾಟ್ ಪ್ಯಾಡ್ ಬದಲಿಸಬೇಕಾ, ಪೆಡಲ್ ರಿಪೇರಿ ಸಾಕಾ? ಅನುಭವ ಇದ್ದವರು ಹೇಳಿ

ತಾಳಪ್ರಿಯ, ವಿಜಯನಗರ:
ರೋಲ್ಯಾಂಡ್ ಟಿಡಿ-17 ಮಾಡ್ಯೂಲ್ (ಪ್ಯಾಡ್ ಹೊಡೆತವನ್ನು ಸದ್ದು ಮಾಡುವ ಡಬ್ಬ) ಇರುವ ಎಲೆಕ್ಟ್ರಾನಿಕ್ ಡ್ರಮ್ ಕಿಟ್ ಸೆಕೆಂಡ್ ಹ್ಯಾಂಡ್ ತಗೊಂಡೆ. ಹೈ-ಹ್ಯಾಟ್‌ಗೆ (ಕಾಲಲ್ಲಿ ಒತ್ತಿ ಮುಚ್ಚುವ ಜೋಡಿ ಸಿಂಬಲ್) ಸಿವೈ-5 ಅನ್ನುವ ರಬ್ಬರ್ ಪ್ಯಾಡ್ ಇದೆ. ಪೆಡಲ್ ಮಾತ್ರ ಹಿಂದಿನ ಮಾಲೀಕರು ಎಲ್ಲಿಂದಲೋ ತಂದು ಸೇರಿಸಿದ್ದು, ಕಂಪನಿ ಹೆಸರೇ ಅಳಿಸಿಹೋಗಿದೆ. ಪೂರ್ತಿ ಒತ್ತಿದರೂ ಹ್ಯಾಟ್ ಕ್ಲೋಸ್ ಆಗುವುದಿಲ್ಲ, ಚರ್ರ್ ಅನ್ನುತ್ತಲೇ ಇರುತ್ತದೆ. ಬಜೆಟ್ 25 ಸಾವಿರ. ಬಾಡಿಗೆ ಮನೆ, ಎರಡನೇ ಮಹಡಿ. ಏನು ಮಾಡಲಿ?

ಗಾಂಧಿಬಜಾರ್ ಗ್ರೂವ್:
ರೋಲ್ಯಾಂಡ್‌ನದ್ದೇ ವಿಎಚ್-10 ಹೈ-ಹ್ಯಾಟ್ ಪ್ಯಾಡ್ ತಗೊಳ್ಳಿ, ಮುಗೀತು. ನಾನು ತಗೊಂಡೆ, ಇವತ್ತಿಗೂ ಖುಷಿ ಇದೆ. ಪ್ಯಾಡ್‌ಗೆ 31,500. ಅದು ನಿಜವಾದ ಹೈ-ಹ್ಯಾಟ್ ಸ್ಟ್ಯಾಂಡ್ ಮೇಲೆ ಕೂರುತ್ತದೆ, ಸ್ಟ್ಯಾಂಡ್ ಡಬ್ಬದಲ್ಲಿ ಬರುವುದಿಲ್ಲ. ಮೂರು ಕಾಲಿನ ಸ್ಟ್ಯಾಂಡ್ 5,200 ಕೊಟ್ಟು ತಂದೆ. ಅದರ ಒಂದು ಕಾಲು ಸರಿಯಾಗಿ ಕಿಕ್ ಪೆಡಲ್ ಇರುವ ಜಾಗಕ್ಕೇ ಬಂತು. ಅಂಗಡಿಯವರು ವಾಪಸ್ ತಗೊಳ್ಳಲ್ಲ ಅಂದರು. ಪರಿಚಯದ ಚರ್ಚ್ ಹುಡುಗನಿಗೆ 3,500ಕ್ಕೆ ಕೊಟ್ಟು, ಎರಡು ಕಾಲಿನದ್ದು 9,400ಕ್ಕೆ ತಂದೆ. ಕೇಬಲ್ 650. ಲೆಕ್ಕ ಹಾಕಿ, 43 ಸಾವಿರ ದಾಟಿತು. ಆದರೆ ಪ್ಯಾಡ್ ಮೇಲೆ ಕೆಳಗೆ ಆಡುತ್ತದಲ್ಲ, ಆ ಫೀಲ್‌ಗೆ ಇದು ಜಾಸ್ತಿ ಅಲ್ಲ.

ಸಿವೈ-5 ಮಾರಬೇಡಿ. ಟಿಡಿ-17ರ ಹಿಂದೆ ಕ್ರ್ಯಾಶ್ 2, ಆಕ್ಸ್ ಅಂತ ಎರಡು ಖಾಲಿ ಜ್ಯಾಕ್ ಇವೆ. ನನ್ನ ಸಿವೈ-5 ಈಗ ಸ್ಪ್ಲ್ಯಾಶ್, ಅಂದರೆ ಚಿಕ್ಕ ಸಿಂಬಲ್ ಆಗಿದೆ.

ಕುಡ್ಲ ರಿದಮ್:
ಅವರ ಬಜೆಟ್ 25 ಅಂದಿದ್ದಾರೆ, ನೀವು 43ರ ಕಥೆ ಹೇಳ್ತೀರಿ.

ನನ್ನದು ಕೇಳಿ. ಮಂಗಳೂರಲ್ಲಿ ಮಳೆಗಾಲ ಬಂದರೆ ಕಬ್ಬಿಣ ಬಿಡಿ, ಕೇಬಲ್ ಪಿನ್ ಕೂಡ ಹಸಿರಾಗುತ್ತದೆ. ನನ್ನ ಪೆಡಲ್ ಜೂನ್‌ನಲ್ಲಿ ಕೈಕೊಟ್ಟಿತು. ಅರ್ಧ ಒತ್ತಿದರೆ ಪೂರ್ತಿ ಕ್ಲೋಸ್, ಪೂರ್ತಿ ಒತ್ತಿದರೆ ಅರ್ಧ ಓಪನ್. ತಳದ ಸ್ಕ್ರೂ ಬಿಚ್ಚಿದೆ. ಒಳಗೆ ಏನಿದೆ ಗೊತ್ತಾ? ಕಪ್ಪು ಕಾರ್ಬನ್ ಬಳಿದ ಒಂದು ತೆಳು ಹಾಳೆ, ಅದರ ಮೇಲೆ ಒತ್ತುವ ಒಂದು ಬಾಗಿದ ರಬ್ಬರ್. ಅಷ್ಟೇ. ಒತ್ತಿದಷ್ಟೂ ರಬ್ಬರ್ ಹಾಳೆಯ ಜಾಸ್ತಿ ಭಾಗ ಮುಟ್ಟುತ್ತದೆ, ರೆಸಿಸ್ಟೆನ್ಸ್ ಬದಲಾಗುತ್ತದೆ. ಮಾಡ್ಯೂಲ್ ಓದುವುದು ಅದನ್ನೇ. ರಬ್ಬರ್ ತುದಿ ಸವೆದರೆ ಕೊನೆಯ ಆ ಒಂದು ಚೂರು ಮುಟ್ಟುವುದೇ ಇಲ್ಲ, ಹ್ಯಾಟ್ ಕ್ಲೋಸ್ ಆಗುವುದಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲ್ 180 ರೂಪಾಯಿ. ಇಯರ್ ಬಡ್‌ನಲ್ಲಿ ಮೆತ್ತಗೆ ಒರೆಸಿದೆ. ಉಜ್ಜಿದರೆ ಕಾರ್ಬನ್ನೇ ಎದ್ದುಬರುತ್ತದೆ, ಹುಷಾರು. ಎರಡು ವರ್ಷ ಆಯ್ತು, ಓಡುತ್ತಿದೆ.

ಮಾಡ್ಯೂಲನ್ನು ಲ್ಯಾಪ್‌ಟಾಪ್‌ಗೆ ಹಾಕಿ ಮಿಡಿ ಸಿಸಿ 4, ಅಂದರೆ ಪೆಡಲ್ ಎಷ್ಟು ಒತ್ತಿದೆ ಅಂತ ಮಾಡ್ಯೂಲ್ ಕಳಿಸುವ ನಂಬರ್ ನೋಡಿದರೆ ರೋಗ ಗೊತ್ತಾಗುತ್ತದೆ. ನಿಧಾನ ಒತ್ತುತ್ತಾ ಹೋದ ಹಾಗೆ ನಂಬರ್ ಏರಬೇಕು. ನಡುವೆ ನಿಂತರೆ ಅಥವಾ ಸುಮ್ನೆ ಕುಣಿದರೆ ತೊಂದರೆ ಪೆಡಲ್‌ನಲ್ಲೇ ಇದೆ, ಪ್ಯಾಡ್ ಬದಲಿಸಿ ಏನೂ ಆಗಲ್ಲ.

ಗಾಂಧಿಬಜಾರ್ ಗ್ರೂವ್:
180 ರೂಪಾಯಿಯಲ್ಲಿ ಸ್ವರ್ಗ ತೋರಿಸ್ತಿದ್ದಾರೆ ಸಾಹೇಬ್ರು. ರಬ್ಬರ್ ಪ್ಯಾಡ್ ಕಂಬಿಗೆ ಕಚ್ಚಿಕೊಂಡೇ ಇರುತ್ತದೆ, ಕೆಳಗೆ ಪೆಡಲ್ ಬೇರೆ. ಹತ್ತು ವರ್ಷ ಒರೆಸಿದರೂ ಅದು ಹೈ-ಹ್ಯಾಟ್ ಆಗಲ್ಲ.

ಮೈಸೂರು ಪ್ಯಾರಾಡಿಡಲ್:
ಯಮಾಹಾ ಆರ್‌ಎಚ್‌ಎಚ್135 ಬಗ್ಗೆ ಯಾರೂ ಹೇಳಲ್ಲ, ಯಾಕೋ. ಅದೂ ಸ್ಟ್ಯಾಂಡ್ ಮೇಲೆ ಕೂರುವ ಪ್ಯಾಡೇ. ಯಮಾಹಾದ್ದೇ ಡಿಟಿಎಕ್ಸ್ ಮಾಡ್ಯೂಲ್ ಜೊತೆ ನುಡಿಸುತ್ತಿದ್ದೇನೆ, ಮೂರು ವರ್ಷದಿಂದ ಒಂದು ಸ್ಕ್ರೂ ಮುಟ್ಟಿಲ್ಲ.

ಕುಡ್ಲ ರಿದಮ್:
ಅವರ ಮಾಡ್ಯೂಲ್ ರೋಲ್ಯಾಂಡ್ ಮಾರಾಯ್ರೆ! ಯಮಾಹಾ ಹೈ-ಹ್ಯಾಟ್ ಕಂಟ್ರೋಲ್ ಅದಕ್ಕೆ ನೇರ ಸೇರಲ್ಲ. ಜ್ಯಾಕ್ ಹೋಗುತ್ತದೆ, ವೈರಿಂಗ್ ಬೇರೆ.

ಮೈಸೂರು ಪ್ಯಾರಾಡಿಡಲ್:
ನಾನು ನನ್ನ ಅನುಭವ ಹೇಳಿದೆ. ಅನುಭವ ಹೇಳಿ ಅಂತ ತಾನೇ ಕೇಳಿದ್ದು? ಮಾಡ್ಯೂಲನ್ನೂ ಬದಲಿಸಬಹುದಲ್ವಾ.

ದಾವಣಗೆರೆ ಡಬಲ್ ಬೇಸ್:
ವಿಎಚ್-10 ತಗೊಂಡು ಒದ್ದಾಡಿದವನು ನಾನು. ಇನ್ನೊಂದು ಮುಖವೂ ಗೊತ್ತಿರಲಿ. ತಂದ ದಿನವೇ ಹಾಕಿದೆ. ಓಪನ್ ಹೊಡೆದರೆ ಕ್ಲೋಸ್, ಕಾಲು ಎತ್ತಿದರೆ ತಾನೇ ಚಿಕ್ ಅನ್ನುತ್ತದೆ. ಡೀಲರ್‌ಗೆ ಫೋನ್ ಮಾಡಿದರೆ "ಪೀಸ್ ಡಿಫೆಕ್ಟ್ ಇರಬೇಕು, ಕಳಿಸಿ" ಅಂದ. ಕೊರಿಯರ್ ನನ್ನ ಖರ್ಚು, 840. ಮೂರು ವಾರ ಇಟ್ಟುಕೊಂಡು, "ಏನೂ ಆಗಿಲ್ಲ" ಅಂತ ವಾಪಸ್ ಕಳಿಸಿದ. ಅದಕ್ಕೆ ಮತ್ತೆ 840. ಗಣೇಶ ಹಬ್ಬದ ಎರಡು ಆರ್ಕೆಸ್ಟ್ರಾ ಪ್ರೋಗ್ರಾಂ ಕೈತಪ್ಪಿದವು. ಕೊನೆಗೆ ಹುಬ್ಬಳ್ಳಿಯ ಒಬ್ಬ ಡ್ರಮ್ಮರ್ ಗೆಳೆಯ ವಿಡಿಯೊ ಕಾಲ್‌ನಲ್ಲಿ ನೋಡಿ ನಕ್ಕ. ಆಫ್‌ಸೆಟ್ (ಪ್ಯಾಡ್ ಎಲ್ಲಿದ್ದರೆ ಕ್ಲೋಸ್ ಅಂತ ಮಾಡ್ಯೂಲ್‌ಗೆ ತಿಳಿಸುವುದು) ಸೆಟ್ ಮಾಡಬೇಕಂತೆ. ಪ್ಯಾಡನ್ನು ಸ್ಟ್ಯಾಂಡ್ ಕಂಬಿಗೆ ಹಿಡಿದಿಡುವ ಕ್ಲಚ್ ಸಡಿಲ ಮಾಡಿ, ಪ್ಯಾಡ್ ತನ್ನ ಭಾರದಲ್ಲೇ ಸೆನ್ಸರ್ ಮೇಲೆ ಕೂರಬೇಕು. ಕೈ ಕಾಲು ಏನೂ ತಾಗಬಾರದು. ಮಾಡ್ಯೂಲ್‌ನ ಹೈ-ಹ್ಯಾಟ್ ಸೆಟಪ್‌ನಲ್ಲಿ ವಿಎಚ್ ಆಫ್‌ಸೆಟ್ ಓಪನ್ ಮಾಡಿ ಹೊಂದಿಸಿ, ಆಮೇಲೆ ಕ್ಲಚ್ ಬಿಗಿ ಮಾಡಬೇಕು. ಐದು ನಿಮಿಷದ ಕೆಲಸ. ಡೀಲರ್‌ಗೆ ಗೊತ್ತಿರಬೇಕಿತ್ತೋ ಇಲ್ವೋ ಹೇಳಿ.

ಇನ್ನೊಂದು. ಪ್ಯಾಡ್‌ನ ಎಡ್ಜ್, ಅಂದರೆ ಅಂಚು ಹೊಡೆದರೆ ಸದ್ದೇ ಬರಲ್ಲ ಅಂತ ಅಳುವವರು ಮೊದಲು ಕೇಬಲ್ ನೋಡಿ. ಗಿಟಾರ್‌ನ ಮೋನೊ ಕೇಬಲ್ ಹಾಕಿದರೆ ಎಡ್ಜ್ ಮೂಕ. ಸ್ಟಿರಿಯೊ, ಅಂದರೆ ಎರಡು ಕಪ್ಪು ಗೆರೆ ಇರುವ ಜ್ಯಾಕೇ ಬೇಕು.

ಕಂಚಿನ ಕಿವಿ:
ನಗು ಬರ್ತಿದೆ. ಇಷ್ಟು ದುಡ್ಡು ರಬ್ಬರ್‌ಗೆ ಹಾಕುವ ಬದಲು ಒಂದು ಜೊತೆ 14 ಇಂಚಿನ ಕಂಚಿನ ಹ್ಯಾಟ್ ತಗೊಳ್ಳಿ. ಅದಕ್ಕೆ ಆಫ್‌ಸೆಟ್ ಇಲ್ಲ, ಅಪ್‌ಡೇಟ್ ಇಲ್ಲ.

ಗಾಂಧಿಬಜಾರ್ ಗ್ರೂವ್:
ಎರಡನೇ ಮಹಡಿ, ಬಾಡಿಗೆ ಮನೆ ಅಂತ ಬರೆದಿದ್ದಾರೆ. ಕಂಚು ಬಾರಿಸಿದರೆ ಓನರ್ ಅಡ್ವಾನ್ಸ್ ವಾಪಸ್ ಕೊಟ್ಟು ಕಳಿಸ್ತಾರೆ.

ಕಂಚಿನ ಕಿವಿ:
ಎಲೆಕ್ಟ್ರಾನಿಕ್ ಸೈಲೆಂಟ್ ಅಂದ್ಕೊಂಡಿದ್ದೀರಾ? ಹೈ-ಹ್ಯಾಟ್ ಸ್ಟ್ಯಾಂಡ್‌ನ ಕಾಲು ನೆಲಕ್ಕೇ ತಾಗಿರುತ್ತದೆ. ನೀವು ಹಿಮ್ಮಡಿಯಲ್ಲಿ ತಾಳದ ಲೆಕ್ಕ ಹಾಕಿದಷ್ಟೂ ಕೆಳಗಿನ ಮನೆ ಸೀಲಿಂಗ್ ಕುಟ್ಟುತ್ತದೆ. ಅವರಿಗೆ ಹಾಡು ಕೇಳಲ್ಲ, ಕುಟ್ಟುವುದು ಮಾತ್ರ ಕೇಳುತ್ತದೆ.

ನ್ಯೂಜೆರ್ಸಿ ಕನ್ನಡಿಗ:
ಇದು ಮಾತ್ರ ನಿಜ. ನಮ್ಮದು ಮರದ ನೆಲ, ಕೆಳಗಿನ ಮನೆಯವರಿಂದ ಎರಡು ನೋಟಿಸ್ ಬಂದಿತ್ತು. ಎರಡು ಪ್ಲೈವುಡ್ ಹಲಗೆ, ನಡುವೆ ಟೆನಿಸ್ ಬಾಲ್ ಇಟ್ಟು ವೇದಿಕೆ ಮಾಡಿದೆ. ಹಲಗೆ, ಬಾಲ್, ಕಾರ್ಪೆಟ್ ಎಲ್ಲ ಸೇರಿ 140 ಡಾಲರ್. ಹಲಗೆಯಲ್ಲಿ ಬಾಲ್‌ಗೆ ಕೂರುವಷ್ಟು ತೂತು ಕೊರೆಯಬೇಕು, ಇಲ್ಲದಿದ್ದರೆ ಉರುಳಿ ಹೋಗುತ್ತದೆ. ಆಮೇಲೆ ದೂರಿಲ್ಲ.

ದಾವಣಗೆರೆ ಡಬಲ್ ಬೇಸ್:
ಟೆನಿಸ್ ಬಾಲ್ ಸುಳ್ಳು ಕಥೆ. ನಾನೂ ಮಾಡಿದೆ. ಇಡೀ ಕಿಟ್ ತೊಟ್ಟಿಲ ಹಾಗೆ ತೂಗುತ್ತದೆ. ಡಬಲ್ ಪೆಡಲ್ ಹೊಡೆದರೆ ಟಾಮ್ ಎದುರಿಗೆ ಬಂದು ನಮಸ್ಕಾರ ಹೇಳುತ್ತದೆ.

ನ್ಯೂಜೆರ್ಸಿ ಕನ್ನಡಿಗ:
ಎಷ್ಟು ಬಾಲ್ ಹಾಕಿದ್ದಿರಿ? ಕಡಿಮೆ ಹಾಕಿ ದೂರಬೇಡಿ. ಕುರ್ಚಿ ಕೂಡ ವೇದಿಕೆ ಮೇಲೇ ಇರಬೇಕು.

ದಾವಣಗೆರೆ ಡಬಲ್ ಬೇಸ್:
ಕುರ್ಚಿ ಮೇಲೇ ಇತ್ತು ಸ್ವಾಮಿ. ನಾನು 92 ಕೆಜಿ. ಇಷ್ಟು ತೂಕಕ್ಕೆ ಎಷ್ಟು ಬಾಲ್ ಅಂತ ಲೆಕ್ಕದ ಪಟ್ಟಿ ಏನಾದರೂ ಇದೆಯಾ ನಿಮ್ಮ ಹತ್ತಿರ?

ಮೈಸೂರು ಪ್ಯಾರಾಡಿಡಲ್:
ವಿಎಚ್-14ಡಿ ಅಂತ ರೋಲ್ಯಾಂಡ್‌ನ ಡಿಜಿಟಲ್ ಹೈ-ಹ್ಯಾಟ್ ಬಂದಿದೆಯಲ್ಲ, ಅದನ್ನೂ ಯಾರೂ ಹೇಳಲಿಲ್ಲ.

ಕುಡ್ಲ ರಿದಮ್:
ಅದು ಯುಎಸ್‌ಬಿಯಲ್ಲಿ ಸೇರುವುದು. ಟಿಡಿ-27, ಟಿಡಿ-50 ಸಾಲಿನ ಮಾಡ್ಯೂಲ್ ಇರಬೇಕು. ಟಿಡಿ-17ರಲ್ಲಿ ಅದಕ್ಕೆ ಜಾಗವೇ ಇಲ್ಲ. ದಯವಿಟ್ಟು ಪ್ರಶ್ನೆ ಒಮ್ಮೆ ಓದಿ.

ತಾಳಪ್ರಿಯ, ವಿಜಯನಗರ:
ಎಲ್ಲರಿಗೂ ಥ್ಯಾಂಕ್ಸ್. ಪೆಡಲ್ ಬಿಚ್ಚಿದೆ. ಕಾರ್ಬನ್ ಹಾಳೆ ಚೆನ್ನಾಗಿದೆ, ಆದರೆ ರಬ್ಬರ್‌ನ ಒಂದು ತುದಿ ಹರಿದು ಜೋತುಬಿದ್ದಿದೆ. ಈ ರಬ್ಬರ್ ಒಂದೇ ಬಿಡಿಯಾಗಿ ಎಲ್ಲಿ ಸಿಗುತ್ತದೆ? ಎಸ್‌ಪಿ ರೋಡ್‌ನಲ್ಲಿ ಕೇಳಿದರೆ ರಿಮೋಟ್‌ನ ರಬ್ಬರ್ ಕೊಡ್ತಿದ್ದಾರೆ.

ಗಾಂಧಿಬಜಾರ್ ಗ್ರೂವ್:
ನಾನು ಮೊದಲೇ ಹೇಳಿದೆ, ವಿಎಚ್-10 ತಗೊಳ್ಳಿ ಅಂತ.

ದಾವಣಗೆರೆ ಡಬಲ್ ಬೇಸ್:
@ನ್ಯೂಜೆರ್ಸಿ, ಹೊಸ ಬಾಲೋ ಹಳೇ ಬಾಲೋ? ಅದನ್ನು ಹೇಳಿ ಮೊದಲು.